ಕೌದಿಯ ಹೊಟ್ಟೆ

ಶಿಕಾರಿಪುರ
೧೧ ಜನವರಿ ೧೯೯೮

ಪ್ರೀತಿಯ ಜಗದಾ,

ಇವತ್ತು ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದಾಗ ಜಗಲಿಯಲ್ಲಿ ಬೆನಕಪ್ಪ ಮಾಮನ ಹೊಲಿಗೆ ಮೆಷಿನಿನ ಕೆಳಗಿರುವ ಚಿಂದಿ ಬುಟ್ಟಿ ತಾನೇ ತಾನಾಗಿ ಅಲುಗುತ್ತಿತ್ತು. ಬಗ್ಗಿ ನೋಡಿದರೆ ಬೂದು ಬೆಕ್ಕು ಮರಿ ಹಾಕಿದೆ. ಒಂದು ಮರಿಯ ಬಾಲಕ್ಕೆ ಯಾರದೋ ರವಿಕೆಯ ಗುಲಾಬಿ ದಾರ ಸುತ್ತಿಕೊಂಡಿತ್ತು. ಬಿಡಿಸೋಣವೆಂದು ಕೈ ಹಾಕಿದೆ. ತಾಯಿ ಬೆಕ್ಕು ನನ್ನನ್ನು ನೋಡಿದ ರೀತಿಗೆ ಕೈ ಹಿಂದೆ ತೆಗೆದೆ. ಆಮೇಲೆ ಬಂದ ಮಾಮ, "ಬಾಣಂತಿ ತಾನಾಗೇ ಎದ್ದು ಹೋಗೋ ತನಕ ಈ ಬುಟ್ಟಿ ಮುಟ್ಟಂಗಿಲ್ಲ ನೋಡವ್ವ," ಎಂದರು. ನಿಮ್ಮಮ್ಮನಿಗೆ ಮುಂದಿನ ವಾರ ಒಯ್ಯಬೇಕಿದ್ದ ಚಿಂದಿಯೆಲ್ಲ ಹೀಗೆ ಬೆಕ್ಕಿನ ಪಾಲಾಯಿತು.

ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಬೈಯಬೇಡ. ನೀನು ಹೇಳಿದ ಕೆಲಸ ಆಗುವುದೋ ಇಲ್ಲವೋ ತಿಳಿಯದೆ ಬರೀ ಊರಿನ ಸುದ್ದಿ ಬರೆಯಲು ಮನಸ್ಸಾಗಲಿಲ್ಲ. ನಾವೆಲ್ಲ ಚೆನ್ನಾಗಿದ್ದೇವೆ. ನನ್ನ ಬಿ.ಎ. ಪದವಿ ಅಪ್ಪನ ಬಟ್ಟೆ ಅಂಗಡಿಯ ಗಲ್ಲಾದ ಹಿಂದೆ ಕುಳಿತು ಕಾದಂಬರಿ ಓದುತ್ತಿದೆ. ಗಿರಾಕಿಗಳು ಬಂದರೆ ನಾನು ಪುಸ್ತಕ ಮುಚ್ಚುವ ಮೊದಲೇ ಅಪ್ಪ, "ಅಕಿ ಮಾತಾಡಂಗಿಲ್ರೀ, ನನ್ನ ಕೇಳ್ರಿ," ಎನ್ನುತ್ತ ಎದ್ದು ಬರುತ್ತಾರೆ. ಅವರ ಮಾತಿನಲ್ಲಿ ಸುಳ್ಳೇನೂ ಇಲ್ಲ.

ನೀನು ಕಳಿಸಿದ ಕಂಪ್ಯೂಟರ್ ಚಿತ್ರವನ್ನು ಬೆಕ್ಕಿನ ಗಲಾಟೆ ಮುಗಿದ ಮೇಲೆ ಮಾಮನಿಗೆ ತೋರಿಸಿದೆ. ಕೋಟಿನ ತುಂಡುಗಳೆಲ್ಲ ಒಂದನ್ನೊಂದು ಕಚ್ಚಿಕೊಂಡು, ನಡುವೆ ಬೆರಳು ತೂರುವಷ್ಟೂ ಜಾಗ ಬಿಡದೆ ಬಟ್ಟೆಯ ಮೇಲೆ ಮಲಗಿವೆಯಲ್ಲ, ಆ ಚಿತ್ರ. ಅವರು ಕನ್ನಡಕ ಒರೆಸಿಕೊಂಡು, ಕಂಕುಳಿನ ಬಾಗು ಕಾಲರಿನ ಬಾಗಿಗೆ ಹೇಗೆ ಕೂತಿದೆ ಎಂದು ಉಗುರಿನಿಂದ ಗೆರೆ ಎಳೆಯುತ್ತ ಬಹಳ ಹೊತ್ತು ನೋಡಿದರು. ಮೆಚ್ಚಿದರು ಅಂತಲೇ ನನಗನ್ನಿಸಿತು. ಕೊನೆಗೆ, "ಚಿಂದಿನೇ ಉಳಿಯಂಗಿಲ್ಲ ಅಂದ್ರ ಬೆಕ್ಕು ಎಲ್ಲಿ ಮರಿ ಹಾಕಬೇಕು?" ಎಂದು ಕೇಳಿದರು. ನಿಮ್ಮ ಮೇಷ್ಟ್ರನ್ನು ಕೇಳಿ ತಿಳಿಸು.

ಈಗ ನಿನ್ನ ಕೆಲಸಕ್ಕೆ ಬರುತ್ತೇನೆ. ಮೊನ್ನೆ ಶುಕ್ರವಾರ ಹೊಸಬಾಳೆಗೆ ಹೋಗಿದ್ದೆ. ನಿಮ್ಮಮ್ಮನೂ ಪಕ್ಕದ ಮನೆಯ ದ್ಯಾಮಮ್ಮನೂ ಜಗಲಿಯ ಮೇಲೆ ಕೌದಿ ಹಾಸಿಕೊಂಡು ಕೂತಿದ್ದರು. ನಿನ್ನ ಕಾಗದದಲ್ಲಿ ಕೋಟಿನ ವಿಷಯ ಇರುವಷ್ಟನ್ನು ಮಾತ್ರ ಓದಿ ಹೇಳಿದೆ. ನಿನ್ನ ಹೆಸರೆತ್ತಲಿಲ್ಲ. ಅವರೂ ಎತ್ತುವುದಿಲ್ಲ. ಎರಡು ವರ್ಷದಿಂದ ನೀನು ಅವರ ಬಾಯಲ್ಲಿ "ನಿನ್ನ ಸ್ನೇಹಿತೆ". ದರ್ಜಿ ಓದು ಓದಲು ಅಹಮದಾಬಾದಿನ ತನಕ ಹೋದೆನೆಂದು ಅಮ್ಮನಿಗೆ ಸಿಟ್ಟು ಎಂದು ನೀನು ಪ್ರತಿ ಕಾಗದದಲ್ಲೂ ಬರೆಯುತ್ತೀಯ. ಅದಲ್ಲ ಜಗದಾ. ನಿಮ್ಮಪ್ಪ ತೀರಿಕೊಂಡ ಮೇಲೆ ಅವರ ಪಂಚೆ, ಅಂಗಿಗಳನ್ನು ಕೂಡಿಸಿ ಹೊಲಿದ ಕೌದಿಯನ್ನು ಅವರು ನಿನಗೆ ಹೊದೆಯಲು ಕೊಟ್ಟು ಕಳಿಸಿದ್ದರು. ನೀನು ಅದನ್ನು ಕತ್ತರಿಸಿ ತೋಳಿಲ್ಲದ ಜಾಕೆಟ್ ಮಾಡಿದೆ. ಹಳೆಯದಕ್ಕೆ ಹೊಸ ಜೀವ ಕೊಟ್ಟಿದ್ದಾಳೆ ಎಂದು ಬಹುಮಾನ ಬಂತು, ಪತ್ರಿಕೆಯಲ್ಲಿ ಫೋಟೋ ಬಂತು. ಸೊರಬದ ಅಂಗಡಿಯವರು ಹೆಮ್ಮೆಯಿಂದ ಕೂಗಿ ಕರೆದು ತೋರಿಸಿದಾಗಲೇ ಅವರಿಗೆ ತಿಳಿದದ್ದು. ಇದನ್ನು ಬರೆಯಲು ನನಗೂ ಇಷ್ಟವಿಲ್ಲ, ಆದರೆ ನೀನು ಬೇರೆ ಕಾರಣ ಹುಡುಕುತ್ತ ಕೂತಿರುವುದನ್ನು ನೋಡಲಾರೆ.

ಖಾಲಿ ಬಾಟಲಿಗಳನ್ನು ಕರಗಿಸಿ ನೂಲು ಎಳೆದು ನೇಯ್ದ ಬಟ್ಟೆ ಎಂದು ಓದಿದೆ. ದ್ಯಾಮಮ್ಮ ಸೂಜಿ ಕೆಳಗಿಟ್ಟು, "ಹಂಗಾದ್ರೆ ನಮ್ಮನೆಯವ್ರು ಖಾಲಿ ಮಾಡಿದ್ದು ಕೊಟ್ರೆ ಇಡೀ ಹೊಸಬಾಳೆಗೆ ಕೋಟು ಹೊಲಿಬಹುದಲ್ಲೇ," ಎಂದಳು. ಗಾಜಿನದಲ್ಲ, ನೀರಿನ ಪ್ಲಾಸ್ಟಿಕ್ ಬಾಟಲಿ ಎಂದೆ. ಹಾಗಿದ್ದರೆ ತನ್ನ ಗಂಡ ಅದಕ್ಕೂ ಪ್ರಯೋಜನವಿಲ್ಲ ಎಂದು ಮತ್ತೆ ಸೂಜಿ ಹಿಡಿದಳು. ದಾರವಿಲ್ಲದೆ ಶಾಖದಿಂದಲೇ ಅಂಚುಗಳನ್ನು ಅಂಟಿಸುವುದು, ಕೋಟು ಹಳೆಯದಾದರೆ ಅದನ್ನೇ ಕರಗಿಸಿ ಮತ್ತೆ ನೂಲು ಮಾಡುವುದು, ಮುಂದಿನ ಶತಮಾನದ ಉಡುಪು ಕಸವನ್ನೇ ಉಳಿಸುವುದಿಲ್ಲ ಎನ್ನುವುದು, ಎಲ್ಲವನ್ನೂ ಓದಿದೆ. ನಿಮ್ಮಮ್ಮ ಕೇಳಿದ್ದು ಒಂದೇ ಮಾತು.

"ಕರಗಿಸಿದ ಮೇಲೆ ಯಾರದು ಅಂತ ಹೆಂಗೆ ಗೊತ್ತಾಗ್ತದೆ?"

ನಿನ್ನ ಕಾಗದದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ನಾನು ಮುಂದಿನ ಸಾಲು ಓದಿದೆ: ಕತ್ತರಿಸಿ ಉಳಿಯುವ ತುಣುಕುಗಳೆಲ್ಲ ಕೋಟಿನ ಒಳಪದರವಾಗಬೇಕು, ಆ ಒಳಪದರ ಕೌದಿಯ ಹೊಲಿಗೆಯಲ್ಲಿ ಆಗಬೇಕು, ಅದಕ್ಕೆ ಅಳತೆ ಬೇಕು ಎಂದು. ಅವರು ಹಾಸಿದ್ದ ಕೌದಿಯ ಅಂಚಿಗೆ ಎರಡು ಬೆರಳು ಇಟ್ಟು ನೋಡಿದರು. ಆಮೇಲೆ, ನಿನ್ನ ಸ್ನೇಹಿತೆಗೆ ಅಂತಲ್ಲ, ನೀನು ಕೇಳಿದೆಯಲ್ಲ ಅಂತ ಹೊಲಿದುಕೊಡುತ್ತೇನೆ ಎಂದರು.

ನೆಲದ ಮೇಲೆ ಗೇಣು ಹಾಕುತ್ತ ಅವರು ಹೇಳಿದರು, ನಾನು ಬರೆದುಕೊಂಡೆ. ಉದ್ದ ಐದು ಗೇಣು, ಅಗಲ ನಾಲ್ಕು, ಅಂಚು ಎರಡು ಬೆರಳು, ಹೊಟ್ಟೆ ಒಂದು ಗೇಣು. ನಮ್ಮ ಮನೆಯಲ್ಲಿ ಹೊಸ ಬಟ್ಟೆಯ ತಾನುಗಳ ನಡುವೆಯೇ ಬೆಳೆದವಳು ನಾನು. ಕೌದಿಗೂ ಹೊಟ್ಟೆ ಇರುತ್ತದೆಂದು ನೋಡಿದ್ದು ನಿಮ್ಮ ಮನೆಯಲ್ಲೇ. ಹೊಲಿಗೆ ಸುತ್ತಲಿನಿಂದ ಒಳಗೆ ಬರುತ್ತ ಬರುತ್ತ ನಡುವೆ ಒಂದು ಗೇಣಿನಷ್ಟು ಚೌಕ ಉಳಿಯುತ್ತದೆ. ಅದನ್ನು ಮುಚ್ಚುವ ಮೊದಲು ಅವಲಕ್ಕಿಯೋ ಬೆಲ್ಲವೋ ಒಂದಿಷ್ಟು ಒಳಗೆ ಇಡುತ್ತಾರೆ. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಕೊಡುವುದಿಲ್ಲವಂತೆ. ಬೇರೆ ಹಾಳೆಯಲ್ಲಿ ಅಳತೆಗಳನ್ನು ಅವರು ಹೇಳಿದ ಮಾತಿನಲ್ಲೇ ಬರೆದಿದ್ದೇನೆ. ನಿಮ್ಮಮ್ಮನ ಗೇಣನ್ನು ಟೇಪಿನಲ್ಲಿ ಅಳೆದೆ, ಎಂಟು ಇಂಚು. ಕಂಪ್ಯೂಟರಿಗೆ ಗೇಣು ಅರ್ಥವಾಗುತ್ತದೋ ಇಲ್ಲವೋ ಎಂದು ಅದನ್ನೂ ಬರೆದಿದ್ದೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕೋಟಿನ ಪ್ರದರ್ಶನ ನೀನು ಎಣಿಸಿದ್ದಕ್ಕಿಂತ ಚೆನ್ನಾಗಿ ಆಗಲಿ.

ನಿನ್ನ
ಗಂಗಾಶ್ರೀ

ಮರೆತಿದ್ದೆ: ಹೊರಡುವಾಗ ನಿಮ್ಮಮ್ಮ, ಆ ಊರಲ್ಲಿ ಚಳಿ ಹೆಂಗೆ ಎಂದು ಕೇಳಿದರು. ಯಾವ ಊರಮ್ಮ ಎಂದೆ. "ಯಾವ್ದೋ ಒಂದು," ಎಂದು ಒಳಗೆ ಹೋದರು.


ಹೊಸಬಾಳೆ
೮ ಮಾರ್ಚ್ ೧೯೯೮

ಪ್ರೀತಿಯ ಜಗದಾ,

ನಿಮ್ಮ ಮನೆಯ ಜಗಲಿಯಲ್ಲೇ ಕುಳಿತು ಬರೆಯುತ್ತಿದ್ದೇನೆ. ಇಷ್ಟು ದಿನ ಬರೆಯದೆ ಇದ್ದದ್ದಕ್ಕೆ ಈ ಸಲ ನೆಪ ಗಟ್ಟಿಯಾಗಿದೆ. ನೀನು ಕಳಿಸಿದ ಉದ್ದನೆಯ ಕೊಳವೆ ಫೆಬ್ರವರಿ ಮೊದಲ ವಾರವೇ ಅಂಗಡಿಗೆ ಬಂದಿತ್ತು. ಅಪ್ಪ ಅದನ್ನು ಯಾವುದೋ ಮಿಲ್ಲಿನವರು ಕಳಿಸಿದ ಕ್ಯಾಲೆಂಡರ್ ಎಂದುಕೊಂಡು, ಗೋಡೆಗೆ ಮೊಳೆ ಹೊಡೆಸಿ, ನೇತುಹಾಕಲು ಪುರಸೊತ್ತಿಲ್ಲದೆ ಬೀರುವಿನ ಮೇಲೆ ಇಟ್ಟು ಮರೆತಿದ್ದರು. ಮೊಳೆ ಇನ್ನೂ ಇದೆ.

ಕೊಳವೆಯಲ್ಲಿ ಕಾಗದವೇನೂ ಇರಲಿಲ್ಲ. ಗೆರೆ ಹಾಕಿದ ದೊಡ್ಡ ಹಾಳೆ ಮತ್ತು ಬಾಟಲಿ ನೂಲಿನ ಬಟ್ಟೆ, ಅಷ್ಟೇ. ನಿನಗೆ ಬರೆಯಲೂ ಸಮಯವಿಲ್ಲವೆಂದರೆ ಎಷ್ಟು ಕೆಲಸವಿರಬೇಕು ಎಂದುಕೊಂಡೆ. ಹೋದ ವಾರ ನಿಮ್ಮಮ್ಮನ ಎದುರಿಗೇ ಬಿಚ್ಚಿ ನೆಲದ ಮೇಲೆ ಹಾಸಿದೆ. ದ್ಯಾಮಮ್ಮ ನಾಲ್ಕೂ ಮೂಲೆಗೆ ಭಾರಕ್ಕೆ ಲೋಟ ಇಟ್ಟಳು. ಕೋಟು ಎಷ್ಟು ಪುಟ್ಟದಾಗಿದೆ ಜಗದಾ! ತೋಳು ನನ್ನ ಅಂಗೈಗಿಂತ ಒಂದಿಷ್ಟೇ ಉದ್ದ. ಮೊದಲು ಸಣ್ಣದೊಂದು ಮಾದರಿ ಮಾಡಿ ನೋಡಿ ಆಮೇಲೆ ದೊಡ್ಡದಕ್ಕೆ ಕೈ ಹಾಕುವುದು ನಿಮ್ಮ ಶಾಲೆಯ ಕ್ರಮವಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ನಾನು ಬರೆದ ಗೇಣಿನ ಲೆಕ್ಕ ಎಲ್ಲೂ ಕಾಣಲಿಲ್ಲ.

ನಿಮ್ಮಮ್ಮ ಹಾಳೆಯ ಪಕ್ಕ ಕುಳಿತು, ಮುಷ್ಟಿ ಕಟ್ಟಿ, ಆ ತೋಳಿನ ಬಾಯಿಯ ಮೇಲೆ ಇಟ್ಟು ನೋಡಿದರು. ಆಮೇಲೆ ಬಟ್ಟೆಯನ್ನು ಎತ್ತಿ ಕೆನ್ನೆಗೆ ಉಜ್ಜಿಕೊಂಡರು. "ಬಾಟ್ಲಿ ಅಂತ ಹೇಳಾಕೇ ಬರದಿಲ್ಲ, ಮೆತ್ತಗಿದೆ," ಎಂದರು. ನಿನಗೆ ಇದಕ್ಕಿಂತ ದೊಡ್ಡ ಬಹುಮಾನ ಬೇಕೇ? ಎದ್ದು ಹೋಗಿ ಟ್ರಂಕಿನಿಂದ ತಮ್ಮ ಹಳೆಯ ಸೀರೆ ತಂದರು, ಒಗೆದು ಒಗೆದು ಬೆಣ್ಣೆಯಂತಾದದ್ದು. ನಾನು ತಂದಿದ್ದ ಅಂಗಡಿಯ ಚಿಂದಿಯನ್ನೆಲ್ಲ ಪಕ್ಕಕ್ಕೆ ಸರಿಸಿದರು. ಅದರಲ್ಲಿ ಗಂಜಿ ಇರುತ್ತದೆ, ಚುಚ್ಚುತ್ತದೆ ಎಂದರು. ಮಾದರಿ ಯಾರಿಗೆ ಚುಚ್ಚುತ್ತದಮ್ಮ ಎಂದರೆ ನನ್ನ ಮುಖ ನೋಡಿ ನಕ್ಕರು. ಅವರು ನಕ್ಕಿದ್ದನ್ನು ನಾನು ನೋಡಿ ಬಹಳ ಕಾಲವಾಗಿತ್ತು.

ಕಂಪ್ಯೂಟರಿನ ಗೆರೆಯ ಮೇಲೆ ಅವರಿಗೆ ಈಗ ಪೂರ್ತಿ ನಂಬಿಕೆ. ಎಷ್ಟು ಹಿಡಿತದ ಕೈ ನೋಡು, ನಮ್ಮತ್ತೆಯಂಗೆ ಒಂದು ನೂಲೂ ಬಿಡದಿಲ್ಲ ಎಂದು ದ್ಯಾಮಮ್ಮನಿಗೆ ತೋರಿಸಿದರು. ಶಾಖದಿಂದ ಅಂಟಿಸುವ ಯಂತ್ರ ಇಲ್ಲಿಲ್ಲವಲ್ಲ ಎಂದೆ. ಅದನ್ನು ಅಲ್ಲಿಯವರು ದೊಡ್ಡವರ ಕೋಟಿಗೆ ಮಾಡಿಕೊಳ್ಳಲಿ, ಇದಕ್ಕೆ ಸೂಜಿಯೇ ಸರಿ ಎಂದು ಕೈಯಲ್ಲೇ ಹೊಲಿಯಲು ಕೂತರು. ಇವತ್ತು ಬಂದು ನೋಡಿದರೆ ಕೋಟು ಮುಗಿದಿದೆ. ಒಳಗೆ ಚೌಕ ಚೌಕವಾಗಿ ಕೌದಿಯ ಹೊಲಿಗೆ, ನಡುವೆ ರೂಪಾಯಿಯಷ್ಟಗಲದ ಹೊಟ್ಟೆ. ಅದಕ್ಕೆ ಇಡಲು ಬೆಲ್ಲವನ್ನು ಚೂರು ಮಾಡಿ ಒಣಗಿಸಿದ್ದಾರೆ.

ಹೊಲಿಯುತ್ತ ಏನೇನೋ ಕೇಳಿದರು. ನಿನ್ನ ಜೊತೆ ಯಾರಿದ್ದಾರೆ, ಅಡುಗೆ ಯಾರು ಮಾಡುತ್ತಾರೆ, ಮೆಟ್ಟಿಲು ಹತ್ತಿ ಇಳಿಯುವ ಮನೆಯೋ ನೆಲದ ಮೇಲಿನದೋ. ನನಗೆ ಗೊತ್ತಿದ್ದಷ್ಟು ಹೇಳಿದೆ. ಮಿಡಿ ಉಪ್ಪಿನಕಾಯಿಯ ಭರಣಿ ಕಟ್ಟಿ ಕೊಟ್ಟಿದ್ದಾರೆ. ನಿನಗೆ ಹುಳಿ ಸೇರುವುದಿಲ್ಲ ಎಂದು ನೆನಪಿಸಿದೆ. "ಈಗ ಸೇರ್ತದೆ ಬಿಡು," ಎಂದರು. ದ್ಯಾಮಮ್ಮ ಸೆರಗು ಬಾಯಿಗೆ ಹಿಡಿದು ಒಳಗೆ ಎದ್ದು ಹೋದಳು. ಇವರಿಬ್ಬರಿಗೂ ಈಚೆಗೆ ಏನಾಗಿದೆಯೋ ತಿಳಿಯದು, ಆದರೆ ಮನೆ ಬೆಳಕಾಗಿದೆ. ನಿಮ್ಮಣ್ಣ ತೀರ್ಥೇಶನೂ ಅದನ್ನೇ ಹೇಳಿದ.

ಬಸ್ಸಿನ ಹೊತ್ತಾಯಿತು. ಭರಣಿ, ಕೋಟು ಎರಡನ್ನೂ ಪಾರ್ಸೆಲ್ ಮಾಡುತ್ತೇನೆ. ಆರೋಗ್ಯ ನೋಡಿಕೋ.

ನಿನ್ನ
ಗಂಗಾಶ್ರೀ

ಶಿರಾಳಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ನಿಂತು ಇದನ್ನು ಸೇರಿಸುತ್ತಿದ್ದೇನೆ, ಅಕ್ಷರ ನೋಡಿ ನಗಬೇಡ. ದ್ಯಾಮಮ್ಮ ನನ್ನನ್ನು ಬಸ್ಸಿಗೆ ಬಿಡಲು ಬಂದವಳು ಕಿವಿಯ ಹತ್ತಿರ ಬಾಗಿ, ಎಷ್ಟನೇ ತಿಂಗಳು ಎಂದು ಕೇಳಿದಳು. ಯಾರಿಗೆ ಎಂದೆ. "ನಿನ್ನ ಸ್ನೇಹಿತೆಗೆ ಮಾರಾಯ್ತಿ, ಮತ್ಯಾರಿಗೆ? ಕೂಸಿನ ಅಳತೆ ಕಳ್ಸಿಲ್ವಾ?" ಆ ಹಾಳೆ ಹಾಸಿದ ದಿನವೇ ನಿಮ್ಮಮ್ಮ ಅವಳಿಗೆ ಹೇಳಿದರಂತೆ: "ಬಾಯಿ ಬಿಟ್ಟು ಹೇಳಾಕೆ ನಾಚ್ಕೆ, ಅದ್ಕ ಅಳತೆ ಕಳ್ಸ್ಯಾಳೆ ನನ್ನ ಮಗಳು. ಯಾರನ್ನಾದ್ರೂ ಕಟ್ಕೊಂಡಿರ್ಲಿ. ಕೂಸಿಗೆ ಚಳಿ ಆಗಬಾರ್ದು." ನನ್ನ ಮಗಳು ಅಂದರಂತೆ ಜಗದಾ. ಹಾಗೇನೂ ಇಲ್ಲ ಎಂದು ನಾನು ಹೇಳಬೇಕಿತ್ತು. ನಾಲಿಗೆ ಏಳುವ ಮೊದಲು ಬಸ್ಸು ಹೊರಟಿತು. ನೀನು ನನ್ನಿಂದ ಏನಾದರೂ ಮುಚ್ಚಿಟ್ಟಿದ್ದೀಯಾ? ಇಲ್ಲದಿದ್ದರೆ ಬೇಗ ಬರೆ, ಏನು ಮಾಡಲಿ ಹೇಳು.


ಶಿಕಾರಿಪುರ
೧೬ ಏಪ್ರಿಲ್ ೧೯೯೮

ಪ್ರೀತಿಯ ಜಗದಾ,

ನಿನ್ನ ಉತ್ತರವನ್ನು ಗಲ್ಲಾದ ಹಿಂದೆ ಕುಳಿತು ಓದಿ ಜೋರಾಗಿ ನಕ್ಕುಬಿಟ್ಟೆ. ಎದುರಿಗೆ ಸೀರೆ ಆರಿಸುತ್ತಿದ್ದ ಗೌಡರ ಮನೆಯವರು, ತಮ್ಮ ಆಯ್ಕೆಗೇ ನಕ್ಕಳೆಂದುಕೊಂಡು ಸೀರೆ ಕೆಳಗಿಟ್ಟರು. ಅಪ್ಪ ನನ್ನನ್ನು ಒಳಗೆ ಕಳಿಸಿದರು. ನಿನಗೆ ಉತ್ತರ ಬರೆಯಲು ಮತ್ತೆ ತಡವಾಯಿತು. ಈ ಸಲ ನೆಪ ಹೇಳುವುದಿಲ್ಲ. ನೀನು ಮಾಡಬೇಡ ಎಂದದ್ದನ್ನು ಮಾಡಿದ್ದೇನೆ. ಅದನ್ನು ಬರೆಯಲು ಧೈರ್ಯ ಬೇಕಿತ್ತು.

ಆದದ್ದೇನೆಂದು ಈಗ ತಿಳಿಯಿತು. ನೀನು ನನ್ನ ಹಾಳೆಯನ್ನು ಅವಸರದಲ್ಲಿ ಇಂಗ್ಲಿಷಿಗೆ ತಿರುಗಿಸುವಾಗ "ಹೊಟ್ಟೆ ಒಂದು ಗೇಣು" ಎಂಬಲ್ಲಿ ಹೊಟ್ಟೆಯೆಂದರೆ ತೊಡುವವರ ಹೊಟ್ಟೆ ಎಂದುಕೊಂಡೆ. ನಿಮ್ಮ ಕಂಪ್ಯೂಟರ್ ಪ್ರಯೋಗಾಲಯದವರು ಕೋಟಿನ ಮುಂಭಾಗದ ಅಗಲಕ್ಕೆ ಎಂಟು ಇಂಚು ಎಂದು ತುಂಬಿದರು. ಕಂಪ್ಯೂಟರು ಮರುಮಾತಾಡದೆ ತೋಳು, ಕಾಲರು, ಬೆನ್ನು ಎಲ್ಲವನ್ನೂ ಆ ಹೊಟ್ಟೆಗೆ ಸರಿಯಾಗಿ ಕುಗ್ಗಿಸಿತು. ಹಾಳೆ ಅಲ್ಲಿಂದಲೇ ಕೊಳವೆಗೆ ಹೋಗಿ ನನಗೆ ಬಂತು. ನಿನ್ನನ್ನು ಬೈಯಲಾರೆ. ಆ ಊರಲ್ಲಿ ಹೊಟ್ಟೆ ಇರುವುದು ಮನುಷ್ಯರಿಗೆ ಮಾತ್ರ.

ನೀನು ಬರೆದಿದ್ದೆ: ಅಮ್ಮ ನನ್ನನ್ನು ಮಗಳು ಎಂದಿದ್ದಾಳೆ, ಈಗಲೇ ಅದನ್ನು ಕಿತ್ತುಕೊಳ್ಳಬೇಡ, ಪ್ರದರ್ಶನ ಮುಗಿಸಿ ನಾನೇ ಬಂದು ಹೇಳುತ್ತೇನೆ, ಅಲ್ಲಿಯವರೆಗೆ ಸುಮ್ಮನಿರು ಎಂದು. ಸುಮ್ಮನಿರುವುದು ನನಗೆ ಎಷ್ಟು ಸುಲಭ ಎಂದು ನಿನಗೆ ಗೊತ್ತು. ಕಾಲೇಜಿನಲ್ಲಿ ಹಾಜರಿ ಕೂಗಿದರೂ ನನ್ನ ಪರವಾಗಿ ನೀನೇ ಉತ್ತರ ಕೊಡುತ್ತಿದ್ದೆ. ನಾನು ಸುಮ್ಮನಿರುವ ಮನಸ್ಸು ಮಾಡಿಯೇ ಹೊಸಬಾಳೆಗೆ ಹೋದೆ. ಆದರೆ ಅಂಗಳದಲ್ಲಿ ನಿನ್ನ ತೊಟ್ಟಿಲು ಇತ್ತು. ತೀರ್ಥೇಶಣ್ಣನ ಕೈಯಲ್ಲಿ ಅಟ್ಟದಿಂದ ಇಳಿಸಿ, ತಿಕ್ಕಿ ತೊಳೆದು, ಬಿಸಿಲಿಗೆ ಇಟ್ಟಿದ್ದರು. ಅದರ ಹಗ್ಗ ಮಾತ್ರ ಹೊಸದು.

ಅದನ್ನು ನೋಡಿದ ಮೇಲೆ ಆಗಲಿಲ್ಲ. ನಿಮ್ಮಮ್ಮ ತೊಟ್ಟಿಲಿಗೆ ಹಾಸಲು ಇನ್ನೊಂದು ಸಣ್ಣ ಕೌದಿ ಹಿಡಿದು ಕೂತಿದ್ದರು. ಹೇಗೆ ಶುರುಮಾಡಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡ ವಾಕ್ಯಗಳೆಲ್ಲ ಎಲ್ಲಿ ಹೋದವೋ. "ಅಮ್ಮ, ಕೂಸಿಲ್ಲ," ಎಂದುಬಿಟ್ಟೆ.

ಅವರ ಕೈ ನಿಂತಿತು. ಸೂಜಿ ಅರ್ಧ ಒಳಗೆ, ಅರ್ಧ ಹೊರಗೆ. "ಹೋಯ್ತಾ?" ಎಂದರು. ಧ್ವನಿ ಅವರದಾಗಿರಲಿಲ್ಲ.

ನನ್ನ ಮಾತು ಅವರಿಗೆ ಹೇಗೆ ಕೇಳಿಸಿತೆಂದು ಆಗ ಹೊಳೆಯಿತು. ಇಲ್ಲಮ್ಮ, ಇರಲೇ ಇಲ್ಲ, ಮದುವೆಯೂ ಇಲ್ಲ, ಏನೂ ಇಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಕೌದಿಯ ಹೊಟ್ಟೆಯ ಅಳತೆ ಮನುಷ್ಯರ ಹೊಟ್ಟೆಯ ಅಳತೆಯಾಗಿ ಕಂಪ್ಯೂಟರಿಗೆ ಹೋದದ್ದನ್ನು ಹೇಳಿದೆ. ನನ್ನ ಜೀವಮಾನದಲ್ಲಿ ಒಮ್ಮೆಗೆ ಅಷ್ಟು ಮಾತಾಡಿರಲಿಲ್ಲ. ಅವರಿಗೆ ಅದೆಲ್ಲ ಅರ್ಥವಾಯಿತೋ ಇಲ್ಲವೋ, ನಡುವೆಯೇ ತಡೆದರು.

"ಜಗದಾ ಆರಾಮಿದಾಳಾ?"

"ಇದಾಳಮ್ಮ."

"ಏನೂ ಆಗಿಲ್ವಲ್ಲ ಅವಳಿಗೆ?"

"ಏನೂ ಆಗಿಲ್ಲ."

"ಹಂಗಾದ್ರೆ ಸರಿ," ಎಂದು ಸೂಜಿಯನ್ನು ಇನ್ನೊಂದು ಕಡೆಯಿಂದ ಎಳೆದರು. ಎರಡು ವರ್ಷದ ಮೇಲೆ ನಿನ್ನ ಹೆಸರು ಅವರ ಬಾಯಿಂದ ಬಂದದ್ದು ಹೀಗೆ. ಆ ಒಂದು ಗಳಿಗೆಯಲ್ಲಿ ನಿನಗೇನೋ ಆಯಿತೆಂದುಕೊಂಡರಲ್ಲ, ಅದರ ಮುಂದೆ ಉಳಿದದ್ದೆಲ್ಲ ಎಲ್ಲಿ ನಿಲ್ಲಬೇಕು? ಅವರಿಗೆ ಬೇಸರವಾಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಎದ್ದು ಹೋಗಿ ತೊಟ್ಟಿಲನ್ನು ನೆರಳಿಗೆ ಎಳೆದು ಬಂದರು, ಬಿಸಿಲಿಗೆ ಮರ ಸೀಳುತ್ತದೆ ಎಂದು.

ದ್ಯಾಮಮ್ಮ ಬಂದು ವಿಷಯ ತಿಳಿದು ನೆಲಕ್ಕೆ ಕೈಯೂರಿ ನಕ್ಕಳು. ಅಷ್ಟು ಬುದ್ಧಿಯ ಯಂತ್ರಕ್ಕೆ ಕೌದಿಗೂ ಕೂಸಿಗೂ ವ್ಯತ್ಯಾಸ ಗೊತ್ತಾಗಲಿಲ್ಲವೇ ಎಂದಳು. ನಮಗೆ ಗೊತ್ತಾಯಿತಾ ಮತ್ತೆ ಎಂದು ನಿಮ್ಮಮ್ಮ ಕೇಳಿದರು. ಆ ಕೋಟನ್ನು ನಮ್ಮ ಅಂಗಡಿಯ ಬೆಕ್ಕಿನ ಮರಿಗೆ ತೊಡಿಸಿ ಎಂದು ದ್ಯಾಮಮ್ಮ ಅಂದಾಗ ಮಾತ್ರ ಅವಳ ಕಡೆ ಒಂದು ಸಲ ನೋಡಿದರು, ಅವಳು ನಗು ನಿಲ್ಲಿಸಿದಳು. ಕೋಟನ್ನು ನಾನು ಇನ್ನೂ ಪಾರ್ಸೆಲ್ ಮಾಡಿರಲಿಲ್ಲ. ಚೀಲದಿಂದ ತೆಗೆದು ಕೊಟ್ಟೆ. ಮಡಿಸಿ ಟ್ರಂಕಿನಲ್ಲಿ ಇಡುತ್ತ ಹೇಳಿದರು: "ಮುಂದಿನ ಶತಮಾನದ ಉಡುಪು ಅಂತ ತಾನೇ ಬರೆದಿದ್ಲು? ಇರ್ಲಿ. ಮುಂದೆ ಬರೋರಿಗೆ ಆಗ್ತದೆ."

ಸರಿಯಾದ ಅಳತೆಯ ಎರಡನೆಯ ಹಾಳೆ ಬಂದಿದೆ. ಅದರ ಜೊತೆ ನೀನು ಬರೆದ ಹೊಸ ಯೋಚನೆಯನ್ನು ಅವರಿಗೆ ಓದಿ ಹೇಳಿದೆ: ಹೊರಗಿನ ಕೋಟು ಹಳೆಯದಾದರೆ ಕರಗಿಸಬಹುದು, ಆದರೆ ಒಳಗಿನ ಕೌದಿಯನ್ನು ಟಿಚ್ ಬಟನ್ ಬಿಚ್ಚಿ ತೆಗೆದು ಮುಂದಿನ ಕೋಟಿಗೆ ಹಾಕಿಕೊಳ್ಳಬೇಕು, ಅಮ್ಮ ಕೇಳಿದ ಪ್ರಶ್ನೆಗೆ ನನಗೆ ಹೊಳೆದ ಉತ್ತರ ಇದು ಎಂದು. ಎರಡು ಸಲ ಓದಿಸಿದರು. ನಾನು ಕೇಳಿದ್ದು ಅವಳಿಗೆ ಹೇಳಿದ್ದೆಯಾ ಎಂದು ನನ್ನನ್ನು ಗದರಿದರು. ಆಮೇಲೆ, ಕರಗೋದು ಕರಗಲಿ, ಉಳಿಯೋದು ಉಳೀಲಿ, ಇದು ಸರಿಯಾಯ್ತು ಎಂದರು. ಬೆನಕಪ್ಪ ಮಾಮನೂ ಒಪ್ಪಿದ್ದಾರೆ. ಆದರೆ ಟಿಚ್ ಬಟನ್ ತುಕ್ಕು ಹಿಡಿಯುತ್ತದೆ, ಒಳ್ಳೆಯದು ಹಾಕಿಸು ಎಂದಿದ್ದಾರೆ. ಬೆಕ್ಕಿನ ವಿಷಯಕ್ಕೆ ಉತ್ತರ ಇನ್ನೂ ಬಂದಿಲ್ಲ ಎಂದೂ ನೆನಪಿಸಿದ್ದಾರೆ.

ಒಳಪದರ ಮುಗಿದಿದೆ. ಗುಲಾಬಿ, ಕಡು ಹಸಿರು, ನಡುನಡುವೆ ಅವರ ಬೆಣ್ಣೆಯಂಥ ಸೀರೆಯ ಬಿಳಿ. ಹೊಟ್ಟೆಯ ಚೌಕ ಒಂದನ್ನು ಬಿಟ್ಟು ಉಳಿದೆಲ್ಲ ಹೊಲಿದಿದ್ದಾರೆ. ಅದನ್ನೂ ಮುಚ್ಚಿಬಿಡಿ ಅಮ್ಮ, ಪಾರ್ಸೆಲ್ ಮಾಡಬೇಕು ಎಂದೆ. ತಲೆ ಅಲ್ಲಾಡಿಸಿದರು.

ನಿಮ್ಮಮ್ಮ ಹೇಳಿದ ಹಾಗೇ ಬರೆಯುತ್ತಿದ್ದೇನೆ: ಒಳ್ಳೇದಾಗ್ಲಿ, ಹೊತ್ತಿಗೆ ಸರಿಯಾಗಿ ಉಣ್ಣು, ಯಂತ್ರದ ಮುಂದೆ ಕೂತು ಕಣ್ಣು ಹಾಳು ಮಾಡ್ಕೋಬೇಡ. ನನ್ನ ಪ್ರೀತಿ ಅದರ ಜೊತೆಗಿದೆ.

ನಿನ್ನ
ಗಂಗಾಶ್ರೀ

ಮತ್ತೆ: ಕಾಗದವನ್ನು ಮಡಿಸಿದ್ದೆ, ಬಿಚ್ಚಿದೆ. ಹೊಟ್ಟೆ ಯಾಕೆ ಮುಚ್ಚುವುದಿಲ್ಲ ಎಂದು ಕೇಳಿದಾಗ ಅವರು ಹೇಳಿದ್ದನ್ನು ಬರೆಯದೆ ಇದನ್ನು ಅಂಚೆಗೆ ಹಾಕಲಾರೆ. ನೀನು ಕತ್ತರಿಸಿದ ಆ ಕೌದಿಯ ಹೊಟ್ಟೆಯಲ್ಲಿ ಅವಲಕ್ಕಿ, ಬೆಲ್ಲ ಇರಲಿಲ್ಲವಂತೆ. ನಿಮ್ಮಪ್ಪ ಬಿತ್ತಿ, ಕೊಯ್ಲು ನೋಡದೆ ಹೋದರಲ್ಲ, ಆ ಗದ್ದೆಯ ಒಂದು ಹಿಡಿ ಭತ್ತ ಇತ್ತಂತೆ. ಪತ್ರಿಕೆಯ ಫೋಟೋದಲ್ಲಿ ಆ ಚೌಕ ಜಾಕೆಟ್ಟಿನ ಬೆನ್ನಿಗೆ ಬಂದಿತ್ತು. ಚಪ್ಪಟೆಯಾಗಿತ್ತು. ಬೇರೆ ಯಾರಿಗೂ ಕಾಣದ್ದು ಅವರಿಗೆ ಕಂಡಿತು. "ಕತ್ತರಿಸಿದ್ದಕ್ಕಲ್ಲ ಗಂಗಾ. ಕೇಳಿದ್ರೆ ನಾನೇ ಕತ್ತರಿ ಹಾಕಿ ಕೊಡ್ತಿದ್ದೆ. ಭತ್ತ ಏನು ಮಾಡಿದ್ಲು ಅಂತ ಒಂದು ಮಾತು ಬರೀಲಿಲ್ಲ ಅವಳು. ಚೆಲ್ಲಿದ್ರೆ ಚೆಲ್ಲಿದೆ ಅಂತ್ಲೇ ಹೇಳ್ಲಿ, ಆಮೇಲೆ ಇದನ್ನ ಮುಚ್ತೀನಿ."

ಇದಕ್ಕೆ ಉತ್ತರ ಬರೆಯಬೇಡ. ನನಗಂತೂ ಬರೆಯಲೇಬೇಡ. ಇಷ್ಟು ದಿನ ನಿಮ್ಮಿಬ್ಬರ ಮಾತನ್ನು ನಾನು ಆಚೆ ಈಚೆ ಹೊತ್ತೆ, ಈ ಮಾತನ್ನು ಹೊರಲಾರೆ. ಒಳಪದರವನ್ನು ಪಾರ್ಸೆಲ್ ಮಾಡುವುದಿಲ್ಲ. ಹೊಟ್ಟೆ ತೆರೆದೇ ಇರುತ್ತದೆ, ಸೂಜಿಯನ್ನು ಅದಕ್ಕೇ ಚುಚ್ಚಿಟ್ಟಿದ್ದಾರೆ. ಅಪ್ಪನಿಗೆ ಇನ್ನೂ ಹೇಳಿಲ್ಲ, ನಿಮ್ಮಮ್ಮನಿಗೂ ಹೇಳಿಲ್ಲ. ನಾನು ದಾವಣಗೆರೆಯ ಆಚೆ ಯಾವ ಊರನ್ನೂ ನೋಡಿದವಳಲ್ಲ. ಆದರೆ ಹರಿಹರದ ಸ್ಟೇಷನ್ನಿನ ಕಿಟಕಿಯ ಮುಂದೆ ಹೇಳಬೇಕಾದ ವಾಕ್ಯವನ್ನು ಇವತ್ತು ಅಂಗಡಿಯಲ್ಲಿ ಯಾರೂ ಇಲ್ಲದಾಗ ಜೋರಾಗಿ ಹೇಳಿ ನೋಡಿದೆ, ಸರಿಯಾಗಿ ಬಂತು: ಅಹಮದಾಬಾದಿಗೆ ಎರಡು ಟಿಕೆಟ್ ಕೊಡಿ.